ಜುಲೈ ತಿಂಗಳ ತರಕಾರಿ ತಟ್ಟೆ: ಜಾರ್ಜಿಯಾ ಮನೆ ಅಡುಗೆ, ಕಾರ್ನ್‌ಬ್ರೆಡ್ಡಿಂದ ಪೀಚ್ ಕಾಬ್ಲರ್ ತನಕ

ಅಮೆರಿಕದ ಸದರ್ನ್ ಅಡುಗೆ, ಅಂದ್ರೆ ಅಲ್ಲಿನ ದಕ್ಷಿಣದ ರಾಜ್ಯಗಳ ಅಡುಗೆ, ಅಂದ ತಕ್ಷಣ ಎಲ್ರಿಗೂ ನೆನಪಾಗೋದು ಫ್ರೈಡ್ ಚಿಕನ್ನು, ಬಾರ್ಬೆಕ್ಯೂ, ಅಲ್ಲಿಗೆ ಮುಗೀತು ಅಂದ್ಕೋತೀವಿ, ಸಸ್ಯಾಹಾರಿಗಳಂತೂ ಆ ಕಡೆ ತಿರುಗಿ ಕೂಡ ನೋಡಲ್ಲ. ಆದ್ರೆ ಜಾರ್ಜಿಯಾ, ಅಲಬಾಮಾ, ಸೌತ್ ಕ್ಯಾರೊಲಿನಾ ಕಡೆ ಹಳ್ಳಿ ಮನೆಗಳಲ್ಲಿ ಬೇಸಿಗೆ ಮಧ್ಯಾಹ್ನ ಏನ್ ಬಡಿಸ್ತಿದ್ರು ಅಂತ ಕೇಳಿ ನೋಡಿ, ಹಸಿ ಅಲಸಂದೆ ಕಾಳು, ಹುರಿದ ಬೆಂಡೆಕಾಯಿ, ಎಳೆ ಮುಸುಕಿನ ಜೋಳ, ಹೆಚ್ಚಿದ ಟೊಮ್ಯಾಟೊ, ಬಿಸಿ ಬಿಸಿ ಕಾರ್ನ್‌ಬ್ರೆಡ್ಡು (ಮೆಕ್ಕೆಜೋಳದ ಹಿಟ್ಟಿನ ಬ್ರೆಡ್ಡು), ಕೊನೇಲಿ ಕಾಬ್ಲರ್, ಅಂದ್ರೆ ಹಣ್ಣನ್ನ ಹಿಟ್ಟಿನ ಜೊತೆ ಓವನ್‌ನಲ್ಲಿ ಬೇಯ್ಸಿದ ಸಿಹಿ. ಮಾಂಸ ಇದ್ರೆ ಕಾಳಿಗೆ ರುಚಿ ಬರ್ಲಿ ಅಂತ ಒಂದು ತುಂಡು, ಅಷ್ಟೇ. ತಟ್ಟೆ ತುಂಬ್ತಾ ಇದ್ದಿದ್ದು ತೋಟ.

ಈ ಅಡುಗೆ ಎಲ್ಲಿಂದ ಬಂತು ಅಂತ ಮೊದ್ಲು ಹೇಳ್ಬಿಡ್ತೀನಿ, ಯಾಕಂದ್ರೆ ಅದನ್ನ ಬಿಟ್ಟು ಬರೀ ರೆಸಿಪಿ ಹೇಳೋದು ಸರಿ ಅಲ್ಲ. ಮೆಕ್ಕೆಜೋಳ ಆ ನೆಲದ ಮೂಲ ನಿವಾಸಿಗಳು, ಅಂದ್ರೆ ಚೆರೋಕಿ, ಮಸ್ಕೋಗಿ ಜನ, ಎಷ್ಟೋ ಕಾಲದಿಂದ ಬೆಳೀತಿದ್ದ ಬೆಳೆ. ಅಲಸಂದೆ, ಬೆಂಡೆ ಎರಡೂ ಆಫ್ರಿಕಾದಿಂದ ಜನರನ್ನ ಗುಲಾಮರಾಗಿ ಹೊತ್ತು ತಂದ ಕಾಲದಲ್ಲಿ ಅವರ ಜೊತೆಗೇ ಬಂದು ಅಲ್ಲಿ ಬೇರು ಬಿಟ್ಟವು. ಗೋಧಿ ಹಿಟ್ಟು, ಬೆಣ್ಣೆ, ಪೈ ಇವೆಲ್ಲ ಯೂರೋಪಿಂದ ಬಂದೋರ ಕೊಡುಗೆ. ಆದ್ರೆ ಒಲೆ ಮುಂದೆ ನಿಂತು ಇಷ್ಟನ್ನೂ ಸೇರಿಸಿ ಒಂದು ಅಡುಗೆ ಅಂತ ಮಾಡಿದ್ದು ಹೆಚ್ಚಾಗಿ ಕಪ್ಪು ಹೆಣ್ಣುಮಕ್ಕಳು, ಆ ಕ್ರೆಡಿಟ್ ಅವರಿಗೇ ಸಲ್ಲಬೇಕು.

ನಮಗೆ ಒಂದು ಅನುಕೂಲ ಏನಂದ್ರೆ ಇದ್ರಲ್ಲಿ ಹೊಸ ತರಕಾರಿ ಅಂತ ಏನೂ ಇಲ್ಲ. ಅಲ್ಲಿ ಬ್ಲ್ಯಾಕ್ ಐಡ್ ಪೀ, ಪಿಂಕ್ ಐ ಪರ್ಪಲ್ ಹಲ್, ಕ್ರೌಡರ್, ಲೇಡಿ ಪೀ ಅಂತೆಲ್ಲ ಕರೆಯೋದು ನಮ್ಮ ಅಲಸಂದೆ ಜಾತಿಯೇ, ಊರಲ್ಲಿ ಕೆಲವ್ರು ತಡಗಣಿ ಅಂತಾರಲ್ಲ ಅದೇ. ಕಲೀಬೇಕಾಗಿರೋದು ಮೂರೇ: ಬಾಣಲೆ ಎಷ್ಟು ಕಾಯಬೇಕು, ಹಿಟ್ಟು ಯಾವುದಿರಬೇಕು, ಕೈ ಯಾವಾಗ ಸುಮ್ಮನಿರಬೇಕು. ಮೂರನೇದೇ ನಮಗೆ ಕಷ್ಟ. ಸಾಸಿವೆ ಸಿಡಿಸ್ದೆ, ಇಂಗು ಹಾಕ್ದೆ ಕಾಳು ಬೇಯ್ಸೋದು ಹೇಗಪ್ಪಾ ಅನ್ಸತ್ತೆ, ಆದ್ರೂ ಮೊದಲ್ನೇ ಸಲ ದಯವಿಟ್ಟು ಒಗ್ಗರಣೆ ಬೇಡ, ಹಸಿ ಕಾಳಿನ ಒಂದು ಹುಲ್ಲು ವಾಸನೆ, ಮಣ್ಣಿನ ರುಚಿ ಇರತ್ತೆ, ಅದನ್ನ ಒಂದ್ಸಲ ತಿಂದು ನೋಡಿ, ಆಮೇಲೆ ನಿಮ್ಮಿಷ್ಟ.

ಯಾವಾಗ ಏನು

ಜಾರ್ಜಿಯಾ ಕಡೆ ಏಪ್ರಿಲ್‌ನಲ್ಲಿ ಸ್ಟ್ರಾಬೆರಿ, ಆಮೇಲೆ ವಿಡಾಲಿಯಾ ಈರುಳ್ಳಿ. ಈ ಈರುಳ್ಳಿ ಜಾರ್ಜಿಯಾದ ಟೂಂಬ್ಸ್ ಕೌಂಟಿ ಸುತ್ತಮುತ್ತಲ ಮಣ್ಣಲ್ಲಿ ಗಂಧಕ ಕಮ್ಮಿ ಇರೋದ್ರಿಂದ ಕಣ್ಣಲ್ಲಿ ನೀರು ತರ್ಸಲ್ಲ, ಸಿಹಿಯಾಗಿರತ್ತೆ, ಇದನ್ನ ಅಲ್ಲಿ ಬೆಳೆಯಕ್ಕೆ ಶುರು ಮಾಡಿದ್ದು 1931ರ ಸುಮಾರಿಗೆ, 1986ರಿಂದ ಆ ಹೆಸರಿಗೆ ಕಾನೂನು ರಕ್ಷಣೆನೂ ಇದೆ, ಬೇರೆ ಕಡೆ ಬೆಳೆದು ವಿಡಾಲಿಯಾ ಅಂತ ಮಾರೋ ಹಾಗಿಲ್ಲ. ಮೇ ಮಧ್ಯದಿಂದ ಆಗಸ್ಟ್ ಮಧ್ಯದ ತನಕ ಪೀಚ್. ಜೂನ್‌ನಲ್ಲಿ ಬ್ಲೂಬೆರಿ, ಬ್ಲ್ಯಾಕ್‌ಬೆರಿ. ಜುಲೈ, ಆಗಸ್ಟ್ ಅಂದ್ರೆ ಬೆಂಡೆ, ಅಲಸಂದೆ, ಮುಸುಕಿನ ಜೋಳ, ಟೊಮ್ಯಾಟೊ ಎಲ್ಲಾ ಒಟ್ಟಿಗೆ. ಸೆಪ್ಟೆಂಬರ್‌ಗೆ ಮಸ್ಕಡೈನ್ ದ್ರಾಕ್ಷಿ, ಅಕ್ಟೋಬರ್ ನವೆಂಬರ್‌ಗೆ ಪಿಕಾನ್ (ಅಕ್ರೋಟ್ ಥರದ ಬೀಜ), ಗೆಣಸು, ಉತ್ತರ ಜಾರ್ಜಿಯಾದ ಎಲ್ಲಿಜೇ ಕಡೆ ಸೇಬು. ಕಾಲರ್ಡ್ ಅನ್ನೋ, ಎಲೆಕೋಸಿನ ಜಾತಿಯ ಸೊಪ್ಪಿಗೆ ಮಾತ್ರ ಇಬ್ಬನಿ ಹೆಪ್ಪುಗಟ್ಟೋ ಚಳಿ ಒಂದ್ಸಲ ಬೀಳೋ ತನಕ ಕಾಯಿರಿ, ಚಳಿಗೆ ಆ ಗಿಡ ತನ್ನಲ್ಲಿರೋ ಪಿಷ್ಟನ ಸಕ್ಕರೆ ಮಾಡ್ಕೊಳತ್ತೆ, ಕಹಿ ಇಳಿಯತ್ತೆ.

ಜುಲೈ ಊಟ ಒಂದನ್ನ ಪೂರ್ತಿ ಹೇಳ್ತೀನಿ, ನಾಲ್ಕೈದು ಜನಕ್ಕೆ, ಮಧ್ಯಾಹ್ನ 1 ಗಂಟೆಗೆ ಬಡಿಸ್ಬೇಕು ಅಂದ್ರೆ ಬೆಳಗ್ಗೆ 10:30ಕ್ಕೆ ಶುರು ಮಾಡಿದ್ರೆ ಸಾಕು. ಕೆಳಗೆ ಬರೆದಿರೋ ಕ್ರಮದಲ್ಲೇ ಮಾಡಿ, ಒಂದೇ ಓವನ್, ಎರಡು ಬರ್ನರ್ ಇದ್ರೂ ಆಗತ್ತೆ.

ಮಾರ್ಕೆಟ್ಟಲ್ಲಿ ನೋಡ್ಬೇಕಾದ್ದು

ಅಟ್ಲಾಂಟಾ ಕಡೆ ಇರೋರು ಊರಿನ ದಕ್ಷಿಣಕ್ಕಿರೋ ಫಾರೆಸ್ಟ್ ಪಾರ್ಕ್‌ನ ಸ್ಟೇಟ್ ಫಾರ್ಮರ್ಸ್ ಮಾರ್ಕೆಟ್‌ಗೆ ಒಂದ್ಸಲ ಹೋಗ್ಬನ್ನಿ, 150 ಎಕರೆ ಜಾಗ, ಸೀಸನ್‌ನಲ್ಲಿ ಬುಟ್ಟಿಗಟ್ಲೆ ಮಾಲು. ಸುಲಿದ ಹಸಿ ಕಾಳು ಸಿಕ್ರೆ ಅದನ್ನೇ ತಗೊಳಿ, ಸುಲಿಯೋ ಕೆಲಸ ಉಳಿಯತ್ತೆ.

ಪೀಚ್ ವಿಷಯದಲ್ಲಿ ಕೆಂಪು ಬಣ್ಣ ನೋಡಿ ಮೋಸ ಹೋಗ್ಬೇಡಿ. ಕೆಂಪು ಬರೋದು ಆ ತಳಿಯ ಗುಣ, ಬಿಸಿಲು ಬಿದ್ದಿದ್ದಕ್ಕೆ, ಹಣ್ಣಾಗಿದ್ಯಾ ಇಲ್ವಾ ಅನ್ನೋದಕ್ಕೂ ಅದಕ್ಕೂ ಸಂಬಂಧ ಕಮ್ಮಿ. ಕೆಂಪಿನ ಕೆಳಗಿರೋ ಹಿನ್ನೆಲೆ ಬಣ್ಣ ನೋಡಿ, ಹಸಿರು ಇದ್ರೆ ಬಿಟ್ಬಿಡಿ, ಬೆಣ್ಣೆ ಹಳದಿ ಇದ್ರೆ ತಗೊಳಿ. ತೊಟ್ಟಿನ ಹತ್ರ ಮೂಗಿಟ್ಟು ನೋಡಿ, ವಾಸನೆ ಇಲ್ಲ ಅಂದ್ರೆ ರುಚಿನೂ ಇರಲ್ಲ. ಮೇ ತಿಂಗಳಲ್ಲಿ ಬರೋದು ಕ್ಲಿಂಗ್‌ಸ್ಟೋನ್, ತಿರುಳು ಬೀಜಕ್ಕೆ ಅಂಟ್ಕೊಂಡಿರತ್ತೆ, ಹಾಗೇ ಕಚ್ಚಿ ತಿನ್ನಕ್ಕೆ ಓಕೆ, ಹೆಚ್ಚಕ್ಕೆ ಹಿಂಸೆ. ಜೂನ್ ಕೊನೆಯಿಂದ ಸಿಗೋ ಫ್ರೀಸ್ಟೋನ್ ಎರಡು ಹೋಳು ಮಾಡಿ ತಿರುವಿದ್ರೆ ಬೀಜ ಬಿಟ್ಕೊಳತ್ತೆ, ಕಾಬ್ಲರ್‌ಗೆ ಅದೇ ಬೇಕು. ಮನೆಗೆ ತಂದ್ಮೇಲೆ ಗಟ್ಟಿ ಇದ್ರೆ ಫ್ರಿಜ್ಜಿಗೆ ಇಡ್ಲೇಬೇಡಿ, ಕಾಯಿ ಇರುವಾಗ ತಣ್ಣಗಾದ್ರೆ ಒಳಗೆ ಹತ್ತಿ ಥರ ಹಿಟ್ಟುಹಿಟ್ಟಾಗತ್ತೆ, ಹೊರಗೆ ಒಂದೇ ಪದರ ಹರಡಿ, ಮೆತ್ತಗಾದ್ಮೇಲೆ ಬೇಕಿದ್ರೆ ಒಳಗಿಡಿ. ಜಾರ್ಜಿಯಾಗೆ ಪೀಚ್ ರಾಜ್ಯ ಅಂತ ಹೆಸರಿದ್ರೂ ಪಕ್ಕದ ಸೌತ್ ಕ್ಯಾರೊಲಿನಾನೇ ಅದಕ್ಕಿಂತ ಹೆಚ್ಚು ಬೆಳೆಯೋದು, ಎರಡೂ ಒಳ್ಳೇದೇ. ಪೀಚ್ ಗಿಡಕ್ಕೆ ಚಳಿಗಾಲದಲ್ಲಿ ಇಷ್ಟು ಗಂಟೆ ಅಂತ ಚಳಿ ಸಿಗ್ಲೇಬೇಕು, 2023ರಲ್ಲಿ ಚಳಿಗಾಲ ಬೆಚ್ಚಗಾಗಿ, ಹೂ ಬಿಟ್ಮೇಲೆ ಮಾರ್ಚ್‌ನಲ್ಲಿ ಇಬ್ಬನಿ ಹೆಪ್ಪುಗಟ್ಟೋ ಚಳಿ ಬಿದ್ದು ಜಾರ್ಜಿಯಾದ ಬೆಳೆ 90 ಪರ್ಸೆಂಟ್‌ಗಿಂತ ಹೆಚ್ಚು ಹೋಯ್ತು. ಹಾಗಾಗಿ ಒಳ್ಳೆ ವರ್ಷ ಬಂದಾಗ ಬುಟ್ಟಿಲೇ ತಗೊಂಡ್ಬಿಡಿ.

ಬೆಂಡೆ ನಮ್ಗೆ ಹೇಳ್ಕೊಡ್ಬೇಕಾ, ತುದಿ ಪಟ್ ಅಂತ ಮುರೀಬೇಕು, ಬೆರಳುದ್ದಕ್ಕಿಂತ ದೊಡ್ಡದು ಬೇಡ. ಜೋಳದ ತೆನೆ ಮಾತ್ರ ಅವತ್ತೇ ಕೊಯ್ದಿದ್ದು ಸಿಕ್ರೆ ಅದೃಷ್ಟ, ಸಿಲ್ವರ್ ಕ್ವೀನ್ ಅನ್ನೋ ಹಳೇ ಬಿಳಿ ತಳಿ ಅಂತೂ ಕೊಯ್ದ ಕ್ಷಣದಿಂದ ಅದ್ರ ಸಕ್ಕರೆ ಪಿಷ್ಟ ಆಗ್ತಾ ಹೋಗತ್ತೆ, ಎರಡು ದಿನ ಇಟ್ರೆ ಸಪ್ಪೆ.

ಬೀದಿ ಬದಿ ಬೇಯಿಸಿದ ಕಡಲೆಕಾಯಿ ಅಂತ ಕೈಬರಹದ ಬೋರ್ಡ್ ಕಂಡ್ರೆ ಗಾಡಿ ನಿಲ್ಸಿ. ಹಸಿ ಕಡಲೆಕಾಯಿನ ಉಪ್ಪುನೀರಲ್ಲಿ ಗಂಟೆಗಟ್ಲೆ ಬೇಯ್ಸಿ ಕೊಡ್ತಾರೆ, ಬಸವನಗುಡಿ ಪರಿಷೆ ನೋಡಿರೋರಿಗೆ ಕಣ್ಣು ಒದ್ದೆ ಆಗತ್ತೆ. ಅಮೆರಿಕದಲ್ಲಿ ಅತಿ ಹೆಚ್ಚು ಕಡಲೆಕಾಯಿ ಬೆಳೆಯೋದು ಜಾರ್ಜಿಯಾನೇ.

ಮೊದ್ಲು ಕಾಳು

ಸುಲಿದ ಹಸಿ ಅಲಸಂದೆ 4 ಕಪ್, ಇಲ್ಲಿ ಕಪ್ ಅಂದ್ರೆ 240 ಎಂಎಲ್. ತೊಳೆದು ದಪ್ಪ ತಳದ ಪಾತ್ರೆಗೆ ಹಾಕಿ, ಕಾಳಿನ ಮೇಲೆ ಎರಡು ಬೆರಳು ನಿಲ್ಲೋಷ್ಟು ನೀರು, ಅರ್ಧ ವಿಡಾಲಿಯಾ ಈರುಳ್ಳಿ ಹೆಚ್ಚದೆ ಹಾಗೇ, ಜಜ್ಜಿದ ಬೆಳ್ಳುಳ್ಳಿ ಎರಡು ಎಸಳು, ಒಂದು ಬೇ ಲೀಫ್, ಒಂದು ಒಣಮೆಣಸಿನಕಾಯಿ, ಒಂದು ಟೀ ಸ್ಪೂನ್ ಉಪ್ಪು. ಅಲ್ಲಿನವ್ರು ಇದಕ್ಕೆ ಹೊಗೆ ಹಾಕಿದ ಹಂದಿ ಕಾಲಿನ ತುಂಡು (ಹ್ಯಾಮ್ ಹಾಕ್ ಅಂತಾರೆ) ಅಥವಾ ಉಪ್ಪು ಹಚ್ಚಿದ ಹಂದಿ ಕೊಬ್ಬು ಹಾಕ್ತಾರೆ, ಆ ಹೊಗೆ ರುಚಿ ಬೇಕು ಅನ್ನೋ ಸಸ್ಯಾಹಾರಿಗಳು ಅರ್ಧ ಟೀ ಸ್ಪೂನ್ ಸ್ಮೋಕ್ಡ್ ಪ್ಯಾಪ್ರಿಕಾ, ಎರಡು ಟೇಬಲ್ ಸ್ಪೂನ್ ಬೆಣ್ಣೆ ಹಾಕಿ, ತುಂಬಾ ಹತ್ರ ಬರತ್ತೆ. ಅಂದ ಹಾಗೆ ಹೋಟೆಲ್ಲಲ್ಲಿ ತರಕಾರಿ ತಟ್ಟೆ ಅಂತ ಆರ್ಡರ್ ಮಾಡೋವಾಗ್ಲೂ ಕೇಳಿ ಮಾಡಿ, ಮೀಟ್ ಅಂಡ್ ಥ್ರೀ, ಅಂದ್ರೆ ಒಂದು ಮಾಂಸ ಮೂರು ಪಲ್ಯದ ಊಟ ಕೊಡೋ ಹೋಟೆಲ್‌ಗಳಲ್ಲಿ ಹುರುಳಿಕಾಯಿ, ಸೊಪ್ಪು, ಕಾಳು ಎಲ್ಲದ್ರಲ್ಲೂ ಸಾಮಾನ್ಯವಾಗಿ ಹಂದಿ ಮಾಂಸ ಇರತ್ತೆ, ಅವ್ರ ಲೆಕ್ಕದಲ್ಲಿ ಅದು ತರಕಾರಿನೇ.

ಒಂದು ಕುದಿ ಬಂದ್ಮೇಲೆ ನೊರೆ ತೆಗೆದು ಉರಿ ಸಣ್ಣ ಮಾಡ್ಬಿಡಿ. ಕೊತ ಕೊತ ಕುದಿಸಿದ್ರೆ ಸಿಪ್ಪೆ ಬಿಟ್ಟು ಕಾಳು ಒಡೆದು ಗಂಜಿ ಆಗತ್ತೆ, ಅಲ್ಲೊಂದು ಇಲ್ಲೊಂದು ಗುಳ್ಳೆ ಏಳೋ ಉರಿ ಸಾಕು. ಕುಕ್ಕರ್ ಬೇಡ, ನಿಜವಾಗ್ಲೂ ಬೇಡ, ಹಸಿ ಕಾಳು 25ರಿಂದ 40 ನಿಮಿಷಕ್ಕೆ ಬೆಂದೇ ಬೇಯತ್ತೆ, ಲೇಡಿ ಪೀ ಬೇಗ, ಕ್ರೌಡರ್ ನಿಧಾನ. 20 ನಿಮಿಷ ಆದ್ಮೇಲಿಂದ ಒಂದೊಂದು ಕಾಳು ಬಾಯಿಗೆ ಹಾಕ್ಕೊಂಡು ನೋಡ್ತಿರಿ, ಒಳಗೆ ಬೆಣ್ಣೆ ಥರ ಆಗಿ ಹೊರಗಿನ ಆಕಾರ ಹಾಗೇ ಉಳಿದಿರ್ಬೇಕು. ಆಫ್ ಮಾಡಿ ಅದೇ ನೀರಲ್ಲಿ ಬಿಡಿ. ಊರಲ್ಲಿ ಇರೋರು ಹಸಿ ಅಲಸಂದೆ ಸೀಸನ್‌ನಲ್ಲಿ ಇದನ್ನೇ ಮಾಡ್ಬಹುದು, ಒಣಕಾಳಾದ್ರೆ ರಾತ್ರಿ ನೆನೆಸಿ, ಹೊತ್ತು ಸ್ವಲ್ಪ ಹೆಚ್ಚು ಹಿಡಿಯತ್ತೆ.

ಆ ಕಟ್ಟು ಇದ್ಯಲ್ಲ, ಅದನ್ನ ಚೆಲ್ಲಿದ್ರೆ ಪಾಪ ಬರತ್ತೆ. ಕಾಳು, ಸೊಪ್ಪು ಬೇಯ್ಸಿದ ನೀರಿಗೆ ಅಲ್ಲಿ ಪಾಟ್‌ಲಿಕ್ಕರ್ ಅಂತಾರೆ, ನಾವು ಬಸ್ಸಾರಿಗೆ ಎತ್ತಿಡೋ ಹಾಗೆ ಅವ್ರೂ ಎತ್ತಿಟ್ಟು ಕಾರ್ನ್‌ಬ್ರೆಡ್ ಜೊತೆ ತಿಂತಾರೆ. ಬ್ರೆಡ್ಡನ್ನ ಅದ್ರಲ್ಲಿ ಅದ್ದಿ ತಿನ್ಬೇಕಾ ಇಲ್ಲಾ ಪುಡಿ ಮಾಡಿ ಹಾಕ್ಬೇಕಾ ಅಂತ 1931ರಲ್ಲಿ ಲೂಸಿಯಾನಾದ ಗವರ್ನರ್ ಹ್ಯೂಯಿ ಲಾಂಗ್‌ಗೂ ಅಟ್ಲಾಂಟಾ ಕಾನ್‌ಸ್ಟಿಟ್ಯೂಷನ್ ಪತ್ರಿಕೆಗೂ ವಾರಗಟ್ಲೆ ವಾದ ನಡೆದಿತ್ತು. ಲಾಂಗ್ ಅದ್ದೋ ಪಕ್ಷ. ನಾನು ಪುಡಿ ಮಾಡೋ ಪಕ್ಷ.

ಕಾಬ್ಲರ್

ಕಾಳು ಒಲೆ ಮೇಲಿರುವಾಗ್ಲೇ ಓವನ್ 375 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಡಿ, ಸೆಲ್ಸಿಯಸ್‌ನಲ್ಲಿ 190. ಕಾಬ್ಲರ್‌ಗಳಲ್ಲಿ ಎರಡು ಮೂರು ಥರ ಇದೆ, ಮೇಲೆ ಬಿಸ್ಕಿಟ್ ಹಿಟ್ಟು (ಯಾವ ಬಿಸ್ಕಿಟ್ ಅಂತ ಕೊನೇಲಿ ಹೇಳ್ತೀನಿ) ಹಾಕೋದು, ಪೈ ಥರ ಹಿಟ್ಟಿನ ಪಟ್ಟಿ ಜೋಡಿಸೋದು, ಹುಯ್ಯೋ ಹಿಟ್ಟಿಂದು. ಹುಯ್ಯೋದು ಎಲ್ಲಕ್ಕಿಂತ ಸುಲಭ, ನಂಗೆ ಇಷ್ಟನೂ ಅದೇ.

ಮಾಗಿದ ಪೀಚ್ 2 ಪೌಂಡ್, ಅಂದ್ರೆ 900 ಗ್ರಾಂ ಹತ್ರ, ಮಧ್ಯಮ ಗಾತ್ರದ್ದು ಆರೇಳು. ತಳದಲ್ಲಿ ಚಾಕುವಿಂದ ಅಡ್ಡ ಉದ್ದ ಎರಡು ಗೀರು ಹಾಕಿ ಕುದಿಯೋ ನೀರಿಗೆ ಅರ್ಧ ನಿಮಿಷ ಬಿಟ್ಟು ಐಸ್ ನೀರಿಗೆ ಹಾಕಿದ್ರೆ ಸಿಪ್ಪೆ ಕೈಯಲ್ಲೇ ಜಾರತ್ತೆ. ಹೋಳು ಮಾಡಿ, ಅರ್ಧ ಕಪ್ ಸಕ್ಕರೆ, ಒಂದು ಟೇಬಲ್ ಸ್ಪೂನ್ ನಿಂಬೆ ರಸ, ಚಿಟಿಕೆ ಉಪ್ಪು ಹಾಕಿ ಒಲೆ ಮೇಲೆ ಬರೀ ಸಕ್ಕರೆ ಕರಗಿ ರಸ ಬಿಡೋ ತನಕ ಬಿಸಿ ಮಾಡಿ. ಪೂರ್ತಿ ಬೇಯ್ಸಕ್ಕೆ ಹೋಗ್ಬೇಡಿ.

13ಕ್ಕೆ 9 ಇಂಚಿನ ಗಾಜಿನ ಇಲ್ಲಾ ಪಿಂಗಾಣಿ ಟ್ರೇಗೆ ಅಲ್ಲಿ ಸಿಗೋ ಒಂದು ಸ್ಟಿಕ್ ಬೆಣ್ಣೆ, 113 ಗ್ರಾಂ, ಹಾಕಿ ಓವನ್ ಒಳಗಿಡಿ. ಅದು ಕರಗ್ತಿರುವಾಗ ಒಂದು ಕಪ್ ಸೆಲ್ಫ್ ರೈಸಿಂಗ್ ಹಿಟ್ಟು, ಮುಕ್ಕಾಲು ಕಪ್ ಸಕ್ಕರೆ, ಒಂದು ಕಪ್ ಹಾಲು, ಇಷ್ಟನ್ನ ಗಂಟಿಲ್ದಂಗೆ ಕಲ್ಸಿ, ದೋಸೆ ಹಿಟ್ಟಿಗಿಂತ ತೆಳ್ಳಗಿರತ್ತೆ, ಹೆದರ್ಬೇಡಿ. ಸೆಲ್ಫ್ ರೈಸಿಂಗ್ ಇಲ್ಲಾಂದ್ರೆ ಒಂದು ಕಪ್ ಮೈದಾಗೆ ಒಂದೂವರೆ ಟೀ ಸ್ಪೂನ್ ಬೇಕಿಂಗ್ ಪೌಡರ್, ಕಾಲು ಟೀ ಸ್ಪೂನ್ ಉಪ್ಪು. ಈಗ ಬಿಸಿ ಬೆಣ್ಣೆ ಮೇಲೆ ಈ ಹಿಟ್ಟನ್ನ ಹುಯ್ಯಿ, ಕಲಸ್ಬೇಡಿ. ಅದ್ರ ಮೇಲೆ ಪೀಚನ್ನ ರಸದ ಸಮೇತ ಚಮಚದಲ್ಲಿ ಅಲ್ಲಲ್ಲಿ ಹಾಕಿ, ಕಲಸ್ಬೇಡಿ. ಸ್ವಲ್ಪ ಜಾಯಿಕಾಯಿ ತುರೀರಿ, ದಾಲ್ಚಿನ್ನಿ ಹಾಕೋರು ಹಾಕ್ಕೊಳಿ, ನನ್ ಪ್ರಕಾರ ಒಳ್ಳೆ ಹಣ್ಣಿದ್ದಾಗ ದಾಲ್ಚಿನ್ನಿ ಅದನ್ನ ಮುಚ್ಚಿಹಾಕತ್ತೆ. ಈಗ್ಲೂ ಕಲಸ್ಬೇಡಿ. ಬೆಣ್ಣೆ ಕೆಳಗೆ, ಹಿಟ್ಟು ನಡುವೆ, ಹಣ್ಣು ಮೇಲೆ, ಹೀಗೆ ಪದರ ಪದರ ಇದ್ರೇನೇ ಹಿಟ್ಟು ಉಬ್ಬಿ ಹಣ್ಣಿನ ಸಂದಿಯಿಂದ ಮೇಲೆ ಬಂದು ಅಂಚಲ್ಲಿ ಬೆಣ್ಣೆಯಲ್ಲಿ ಹುರಿದಂಗೆ ಗರಿಗರಿ ಆಗೋದು.

40ರಿಂದ 45 ನಿಮಿಷ. ಮೇಲೆ ಕಂದು ಬಣ್ಣ ಬಂದು, ನಡುವಿನ ರಸ ಮಂದವಾಗಿ ನಿಧಾನಕ್ಕೆ ಕುದೀತಿದ್ರೆ ಆಯ್ತು. ತೆಗೆದು ಪಕ್ಕಕ್ಕಿಡಿ, ಕನಿಷ್ಠ ಅರ್ಧ ಗಂಟೆ ಕೂತ್ರೆ ರಸ ಗಟ್ಟಿ ಆಗತ್ತೆ, ಊಟ ಮುಗಿಯೋ ಹೊತ್ತಿಗೆ ಬೆಚ್ಚಗೆ ಸರಿಯಾಗಿರತ್ತೆ. ಮೊಟ್ಟೆ ಇಲ್ವೇ ಇಲ್ಲ ಇದ್ರಲ್ಲಿ, ಹಾಗಾಗಿ ಮನೆಗೆ ಯಾರು ಬಂದ್ರೂ ಕೊಡ್ಬಹುದು. ಬೆಂಗಳೂರಲ್ಲಿ ಮಾಡೋರು ಆಮದಾದ ಪೀಚಿಗೆ ದುಡ್ಡು ಸುರೀಬೇಡಿ, ಗಟ್ಟಿ ಹಣ್ಣಾದ ಬಾದಾಮಿ ಮಾವು ಇದೇ ಲೆಕ್ಕದಲ್ಲಿ ಸೊಗಸಾಗಿ ಬರತ್ತೆ, ಸಕ್ಕರೆ ಮಾತ್ರ ಅರ್ಧ ಇಳ್ಸಿ.

ಕಾರ್ನ್‌ಬ್ರೆಡ್

ಕಾಬ್ಲರ್ ಹೊರಗೆ ಬಂದ ತಕ್ಷಣ ಓವನ್ 450ಕ್ಕೆ ಏರ್ಸಿ, 230 ಸೆಲ್ಸಿಯಸ್, ಒಳಗೆ 10 ಇಂಚಿನ ಬೀಡು ಕಬ್ಬಿಣದ ಬಾಣಲೆ ಖಾಲಿ ಇಡಿ. ಲಾಜ್ ಕಂಪನಿ 1896ರಿಂದ ಟೆನೆಸಿಯ ಸೌತ್ ಪಿಟ್ಸ್‌ಬರ್ಗ್ ಊರಲ್ಲಿ ಇವನ್ನ ಎರಕ ಹೊಯ್ತಿದೆ, ಅದೇ ಊರಲ್ಲಿ ಪ್ರತಿ ಏಪ್ರಿಲ್‌ಗೆ ಕಾರ್ನ್‌ಬ್ರೆಡ್ ಹಬ್ಬನೂ ನಡೆಯತ್ತೆ. ಆದ್ರೆ ನಿಮ್ಮ ಹತ್ರ ದೋಸೆಗೆ ಪಳಗಿಸಿಟ್ಟಿರೋ ಬೀಡಿನ ಬಾಣಲೆ, ಸ್ವಲ್ಪ ಆಳ ಇರೋದು, ಪ್ಲಾಸ್ಟಿಕ್ ಹಿಡಿ ಇಲ್ದೇ ಇರೋದು ಇದ್ರೆ ಹೊಸದು ಯಾಕೆ.

ಒಂದು ಬಟ್ಟಲಲ್ಲಿ 2 ಕಪ್ ಬಿಳಿ ಮೆಕ್ಕೆಜೋಳದ ತರಿ ಹಿಟ್ಟು, ಒಂದೂವರೆ ಟೀ ಸ್ಪೂನ್ ಬೇಕಿಂಗ್ ಪೌಡರ್, ಅರ್ಧ ಟೀ ಸ್ಪೂನ್ ಅಡುಗೆ ಸೋಡಾ, ಒಂದು ಟೀ ಸ್ಪೂನ್ ಉಪ್ಪು. ಕಲ್ಲಲ್ಲಿ ಬೀಸಿದ್ದು ಸಿಕ್ರೆ ಅದೇ ತಗೊಳಿ, ವಾಸನೆನೇ ಬೇರೆ, ಅದ್ರಲ್ಲಿ ಮೊಳಕೆ ಭಾಗದ ಎಣ್ಣೆ ಉಳಿದಿರೋದ್ರಿಂದ ಬೇಗ ಕಮಟು ಹಿಡಿಯತ್ತೆ, ಫ್ರೀಜರಲ್ಲಿಡಿ. ಊರಲ್ಲಿ ಒಂದು ಎಚ್ಚರಿಕೆ, ಅಂಗಡೀಲಿ ಕಾರ್ನ್ ಫ್ಲೋರ್ ಅಂತ ಕೇಳಿದ್ರೆ ಕಸ್ಟರ್ಡಿಗೆ ಹಾಕೋ ಬಿಳಿ ಪಿಷ್ಟ ಕೊಡ್ತಾರೆ, ಅದ್ರಿಂದ ಕಾರ್ನ್‌ಬ್ರೆಡ್ ಆಗಲ್ಲ, ಮೆಕ್ಕೆಜೋಳದ ಹಿಟ್ಟು ಒಂದು ಕಪ್, ಮೆಕ್ಕೆಜೋಳದ ಸಣ್ಣ ರವೆ ಒಂದು ಕಪ್ ಬೆರೆಸ್ಕೊಳಿ.

ಇನ್ನೊಂದರಲ್ಲಿ 2 ಕಪ್ ಬಟರ್‌ಮಿಲ್ಕ್, ಒಂದು ಮೊಟ್ಟೆ. ಅಲ್ಲಿನ ಡಬ್ಬಿ ಬಟರ್‌ಮಿಲ್ಕು ನಮ್ಮ ಮಜ್ಜಿಗೆಗಿಂತ ತುಂಬಾ ಮಂದ, ಇಲ್ಲಾಂದ್ರೆ ಒಂದೂವರೆ ಕಪ್ ಹುಳಿ ಮೊಸರಿಗೆ ಅರ್ಧ ಕಪ್ ಹಾಲು ಸೇರ್ಸಿ ಕಡೀರಿ. ಹುಳಿ ಇರ್ಲೇಬೇಕು, ಅಡುಗೆ ಸೋಡಾ ಕೆಲಸ ಮಾಡೋದೇ ಹುಳಿ ಸಿಕ್ಕಾಗ. ಮೊಟ್ಟೆ ಬೇಡದೋರು ಎರಡು ಟೇಬಲ್ ಸ್ಪೂನ್ ಗಟ್ಟಿ ಮೊಸರು ಜಾಸ್ತಿ ಹಾಕಿ, ಕತ್ತರಿಸುವಾಗ ಸ್ವಲ್ಪ ಉದುರತ್ತೆ, ರುಚಿಗೆ ಏನೂ ಕಮ್ಮಿ ಇಲ್ಲ. ಸಕ್ಕರೆ ಹಾಕೋರು ಇದಾರೆ, ಆ ಜಗಳ ಇನ್ನೂ ಮುಗಿದಿಲ್ಲ, ನಾನಂತೂ ಹಾಕಲ್ಲ, ಜೋಳನೇ ಸಿಹಿ.

ಬಾಣಲೆ ಚೆನ್ನಾಗಿ ಕಾದ್ಮೇಲೆ, ಅಂದ್ರೆ ಕನಿಷ್ಠ 15 ನಿಮಿಷ, ನಾಲ್ಕು ಟೇಬಲ್ ಸ್ಪೂನ್ ತುಪ್ಪ ಅಥವಾ ಬೆಣ್ಣೆ ಅದ್ರೊಳಗೆ ಹಾಕಿ, ಕರಗಿದ ಕೂಡ್ಲೇ ಬಾಣಲೆ ಸುತ್ತ ಆಡಿಸಿ ಅರ್ಧಕ್ಕಿಂತ ಹೆಚ್ಚಿನದನ್ನ ಹಿಟ್ಟಿಗೆ ಬಗ್ಗಿಸಿ, ಒಣದು ಹಸಿದು ಎರಡನ್ನೂ ನಾಲ್ಕೈದು ಸುತ್ತಲ್ಲಿ ಕಲ್ಸಿ ತಕ್ಷಣ ಬಾಣಲೆಗೆ ಹುಯ್ಯಿ. ಚೊಯ್ಯ್ ಅಂತ ಸದ್ದು ಬರ್ಲೇಬೇಕು, ಬರ್ಲಿಲ್ಲ ಅಂದ್ರೆ ಬಾಣಲೆ ಕಾದಿಲ್ಲ, ಕೆಳಗಿನ ಆ ಕಂದು ಗಟ್ಟಿ ಪದರ ಸಿಗಲ್ಲ, ಅದಿಲ್ದಿದ್ರೆ ಇದು ಬರೀ ಹಿಟ್ಟಿನ ಕೇಕು. 20ರಿಂದ 25 ನಿಮಿಷ, ಅಂಚು ಬಾಣಲೆ ಬಿಟ್ಟು ಒಳಗೆ ಸರ್ದಿರ್ಬೇಕು. ತಟ್ಟೆಗೆ ತಲೆಕೆಳಗೆ ಬೋರ್ಲಾಕಿ, ಬಾಣಲೇಲೇ ಬಿಟ್ರೆ ಆವಿಗೆ ತಳ ಮೆತ್ತಗಾಗತ್ತೆ.

ಅದು ಬೇಯೋ 25 ನಿಮಿಷದಲ್ಲಿ ಬೆಂಡೆ, ಜೋಳ, ಟೊಮ್ಯಾಟೊ

ಬೆಂಡೆಕಾಯಿ ಒಂದು ಪೌಂಡ್, ತೊಳೆದು ಒರೆಸಿ ಅರ್ಧ ಇಂಚಿನ ಬಿಲ್ಲೆ ಮಾಡಿ, ಒದ್ದೆ ಇರುವಾಗ ಹೆಚ್ಚಿದ್ರೆ ಲೋಳೆ ಗೊತ್ತಲ್ಲ. ಅರ್ಧ ಕಪ್ ಬಟರ್‌ಮಿಲ್ಕಲ್ಲಿ 10 ನಿಮಿಷ ಬಿಡಿ. ಮುಕ್ಕಾಲು ಕಪ್ ಮೆಕ್ಕೆಜೋಳದ ತರಿ ಹಿಟ್ಟು, ಕಾಲು ಕಪ್ ಮೈದಾ, ಉಪ್ಪು, ಕಾಳುಮೆಣಸು, ಸ್ವಲ್ಪ ಕೆಂಪು ಖಾರ ಬೆರೆಸಿ, ಬೆಂಡೆನ ಸೋಸಿ ಅದ್ರಲ್ಲಿ ಹೊರಳಾಡ್ಸಿ, ಜರಡೀಲಿ ಹಾಕಿ ಕೊಡವಿ. ಈ ಕೊಡವೋ ಕೆಲಸ ತಪ್ಪಿಸ್ಬೇಡಿ, ಉದುರೋ ಹಿಟ್ಟು ಎಣ್ಣೆಲಿ ಕರಿದು ಕಪ್ಪಾಗಿ ಮುಂದಿನ ಸರದಿಗೆಲ್ಲ ಕಹಿ ಕೊಡತ್ತೆ. ಅರ್ಧ ಇಂಚು ಕಡಲೆಕಾಯಿ ಎಣ್ಣೆ 360 ಡಿಗ್ರಿ ಫ್ಯಾರನ್‌ಹೀಟ್ ಹತ್ರ ಕಾಯ್ಲಿ, ಒಂದು ಬಿಲ್ಲೆ ಹಾಕಿದ್ರೆ ತಕ್ಷಣ ಸುತ್ತ ನೊರೆ ಏಳ್ಬೇಕು, ಒಂದು ಪದರ ಮಾತ್ರ ಹಾಕಿ, ಮೂರ್ನಾಲ್ಕು ನಿಮಿಷಕ್ಕೆ ಹೊಂಬಣ್ಣ. ತೆಗೆದ ಕ್ಷಣದಲ್ಲೇ ಉಪ್ಪು ಉದುರ್ಸಿ, ಜಾಲರಿ ಮೇಲೆ ಹರಡಿ, ರಾಶಿ ಹಾಕ್ಬೇಡಿ.

ಆರು ತೆನೆ ಮುಸುಕಿನ ಜೋಳ. ಚಾಕುವಿಂದ ಕಾಳಿನ ಮೇಲಿನ ಅರ್ಧ ಮಾತ್ರ ಕತ್ತರಿಸಿ, ಆಮೇಲೆ ಚಾಕು ತಿರುಗಿಸಿ ಹಿಂಬದಿಯಿಂದ ದಿಂಡನ್ನ ಒತ್ತಿ ಕೆರೀರಿ, ಬಿಳಿ ಹಾಲು ಇಳಿಯತ್ತೆ, ಈ ಐಟಂನ ಕ್ರೀಮೇ ಅದು, ಹಾಲಿನ ಕೆನೆ ಬೇಕಿಲ್ಲ. ಮೂರು ಟೇಬಲ್ ಸ್ಪೂನ್ ಬೆಣ್ಣೆ ಕರಗಿಸಿ ಜೋಳ, ಅದ್ರ ಹಾಲು, ಕಾಲು ಕಪ್ ನೀರು, ಉಪ್ಪು ಹಾಕಿ ಸಣ್ಣ ಉರೀಲಿ 10 ನಿಮಿಷ ಕೈಯಾಡಿಸ್ತಾ ಇರಿ, ಪಿಷ್ಟ ಇರೋದ್ರಿಂದ ತಳ ಹಿಡಿಯತ್ತೆ. ಮೇಲೆ ಕಾಳುಮೆಣಸು ಪುಡಿ. ಅಷ್ಟೇ.

ಟೊಮ್ಯಾಟೊ ದಪ್ಪ ಬಿಲ್ಲೆ, ಚೆರೋಕಿ ಪರ್ಪಲ್ ಅನ್ನೋ ತಳಿ ಸಿಕ್ರೆ ಅದು, ಮೇಲೆ ಉಪ್ಪು, ಊಟಕ್ಕೆ 10 ನಿಮಿಷ ಮುಂಚೆ ಮಾತ್ರ. ಫ್ರಿಜ್ಜಲ್ಲಿಟ್ಟ ಟೊಮ್ಯಾಟೊ ಇದಕ್ಕೆ ಆಗೋದೇ ಇಲ್ಲ. ಇದೇ ಟೊಮ್ಯಾಟೊನ ಮೆತ್ತನೆ ಬಿಳಿ ಬ್ರೆಡ್ಡಲ್ಲಿ ಮೇಯೊನೇಸ್ ಬಳಿದು ತಿನ್ನೋದು ಅಲ್ಲಿ ಬೇಸಿಗೆಯ ದೊಡ್ಡ ಸುಖ. ಮೇಯೊ ಡ್ಯೂಕ್ಸ್ ಆಗಿರ್ಲಿ, 1917ರಲ್ಲಿ ಸೌತ್ ಕ್ಯಾರೊಲಿನಾದ ಗ್ರೀನ್‌ವಿಲ್‌ನ ಯೂಜೀನಿಯಾ ಡ್ಯೂಕ್ ಅನ್ನೋ ಹೆಣ್ಣುಮಗಳು ಶುರು ಮಾಡಿದ್ದು, ಸಕ್ಕರೆ ಇಲ್ಲ, ಮೊಟ್ಟೆ ಇದೆ.

ಬಡಿಸುವಾಗ ಕಾಳಿನ ಪಕ್ಕ ಹಸಿ ವಿಡಾಲಿಯಾ ಸಣ್ಣಗೆ ಹೆಚ್ಚಿಡಿ, ಇನ್ನೊಂದು ಬಾಟಲಿ ಪೆಪ್ಪರ್ ವಿನಿಗರ್. ಅದು ಮಾಡೋದು ಇಷ್ಟೇ, ಹಸಿ ಖಾರದ ಮೆಣಸಿನಕಾಯಿ ಸೀಳಿ ಬಾಟಲಿಗೆ ತುಂಬಿ, ಕುದಿಸಿದ ಬಿಳಿ ವಿನಿಗರ್ ಮೇಲೆ ಹುಯ್ದು ಎರಡು ವಾರ ಫ್ರಿಜ್ಜಲ್ಲಿಡಿ, ಕಾಳಿನ ಮೇಲೆ ನಾಲ್ಕು ಹನಿ ಚಿಮುಕಿಸಿದ್ರೆ ನಾಲಿಗೆ ಎದ್ದು ಕೂರತ್ತೆ.

ಮಾರನೇ ಬೆಳಗ್ಗೆ ಬಿಸ್ಕಿಟ್

ಬಟರ್‌ಮಿಲ್ಕ್ ಮಿಕ್ಕಿರತ್ತಲ್ಲ, ಬಿಸ್ಕಿಟ್ ಮಾಡ್ಬಿಡಿ. ಟೀಗೆ ಅದ್ದೋದಲ್ಲ, ಮೆತ್ತಗೆ ಪದರ ಪದರವಾಗಿ ಉಬ್ಬಿರೋ ಪುಟ್ಟ ಬ್ರೆಡ್ಡು. ಇದ್ರಲ್ಲಿ ಹಿಟ್ಟೇ ಮುಕ್ಕಾಲು ಪಾಲು ಕೆಲಸ. ದಕ್ಷಿಣದಲ್ಲಿ ಬೆಳೀತಿದ್ದದ್ದು ಚಳಿಗಾಲದ ಮೆದು ಗೋಧಿ, ಪ್ರೊಟೀನ್ ಕಮ್ಮಿ, ಹಾಗಾಗಿ ಜಿಗಿ ಕಮ್ಮಿ, ಯೀಸ್ಟ್ ಬ್ರೆಡ್ಡಿಗೆ ಅದು ಆಗಲ್ಲ ಬಿಸ್ಕಿಟ್ಟಿಗೆ ಅದೇ ಬೇಕು. 1883ರಲ್ಲಿ ಟೆನೆಸಿಯ ನಾಕ್ಸ್‌ವಿಲ್‌ನಲ್ಲಿ ಶುರುವಾದ ವೈಟ್ ಲಿಲಿ ಇವತ್ತಿಗೂ ಅಂಥ ಹಿಟ್ಟನ್ನೇ ಮಾರತ್ತೆ. ಮೈದಾದಲ್ಲಿ ಮಾಡೋರು ಪ್ರತಿ ಕಪ್‌ನಿಂದ ಎರಡು ಟೇಬಲ್ ಸ್ಪೂನ್ ತೆಗೆದು ಅಷ್ಟೇ ಕಾರ್ನ್ ಫ್ಲೋರ್ ಹಾಕಿ, ಆಗ ಹೇಳಿದ ಬಿಳಿ ಪಿಷ್ಟ ಇಲ್ಲಿ ಉಪಯೋಗಕ್ಕೆ ಬರತ್ತೆ, ಬೇಕಿಂಗ್ ಪೌಡರ್ ಮರೀಬೇಡಿ.

ಸೆಲ್ಫ್ ರೈಸಿಂಗ್ ಹಿಟ್ಟು 2 ಕಪ್, 240 ಗ್ರಾಂ. ಫ್ರೀಜರಿಂದ ತೆಗೆದ ಬೆಣ್ಣೆ 85 ಗ್ರಾಂ, ಕೊಬ್ಬರಿ ತುರಿಯೋ ಮಣೇಲಿ ತುರಿದು ಹಿಟ್ಟಿಗೆ ಬೆರಳ ತುದೀಲಿ ಬೆರೆಸಿ, ಉಜ್ಜಬಾರ್ದು, ಬೆಣ್ಣೆ ಚೂರು ಚೂರಾಗಿ ಉಳೀಬೇಕು, ಓವನ್ ಬಿಸಿಗೆ ಆ ಚೂರುಗಳಲ್ಲಿರೋ ನೀರು ಆವಿಯಾಗಿ ಪದರ ಎಬ್ಬಿಸತ್ತೆ. ನಡುವೆ ಗುಳಿ ಮಾಡಿ ಮುಕ್ಕಾಲು ಕಪ್ ತಣ್ಣನೆ ಬಟರ್‌ಮಿಲ್ಕ್ ಹುಯ್ದು ಚಮಚದಲ್ಲಿ ಎರಡ್ಮೂರು ಸುತ್ತು, ಒಣಗಿದಂಗಿದ್ರೆ ಇನ್ನೆರಡು ಚಮಚ. ಚಪಾತಿ ಹಿಟ್ಟಿನ ಅಭ್ಯಾಸ ಇಲ್ಲಿ ಪೂರ್ತಿ ಬಿಡ್ಬೇಕು, ನಾದಿದ್ರೆ ಕಲ್ಲಾಗತ್ತೆ, ಅಂಟಂಟಾಗಿ ಅಸ್ತವ್ಯಸ್ತವಾಗಿದ್ರೇ ಸರಿ. ಹಿಟ್ಟು ಉದುರಿಸಿದ ಮಣೆ ಮೇಲೆ ಹಾಕಿ ಕೈಯಲ್ಲೇ ತಟ್ಟಿ, ಮಡ್ಚಿ, ಮತ್ತೆ ತಟ್ಟಿ, ನಾಲ್ಕು ಸಲ. ಕೊನೆಗೆ ಮುಕ್ಕಾಲು ಇಂಚು ದಪ್ಪ. ಲೋಟದ ಚೂಪು ಅಂಚಿನಿಂದ ನೇರ ಒತ್ತಿ ನೇರ ಎತ್ತಿ, ತಿರುವಿದ್ರೆ ಅಂಚು ಅಂಟ್ಕೊಂಡು ಒಂದು ಕಡೆಗೆ ವಾಲತ್ತೆ. ಬಾಣಲೇಲಿ ಒಂದಕ್ಕೊಂದು ತಾಗೋ ಹಾಗೆ ಜೋಡ್ಸಿ, ಒಂದಕ್ಕೊಂದು ಒರಗಿ ಮೇಲಕ್ಕೇ ಏಳ್ತವೆ. 475 ಡಿಗ್ರಿ, ಅಂದ್ರೆ 245 ಸೆಲ್ಸಿಯಸ್, 12ರಿಂದ 15 ನಿಮಿಷ, ಹೊರಗೆ ತೆಗೆದು ಕರಗಿದ ಬೆಣ್ಣೆ ಸವರಿ.

ಜೊತೆಗೆ ಸೋರ್ಗಮ್ ಸಿರಪ್ ಸಿಕ್ರೆ ಬಿಡ್ಬೇಡಿ. ನಮ್ಮ ಉತ್ತರ ಕರ್ನಾಟಕದ ಬಿಳಿ ಜೋಳ ಇದ್ಯಲ್ಲ, ಅದೇ ಜಾತಿಯ ಸಿಹಿ ದಂಟಿನ ತಳಿಯ ರಸ ಹಿಂಡಿ, ದೊಡ್ಡ ಕೊಪ್ಪರಿಗೇಲಿ ಕಾಯಿಸಿ ಮಾಡೋದು, ಜಾರ್ಜಿಯಾ ಬೆಟ್ಟದ ಕಡೆ ಬ್ಲೇರ್ಸ್‌ವಿಲ್ ಅನ್ನೋ ಊರಲ್ಲಿ ಅಕ್ಟೋಬರ್‌ಗೆ ಅದ್ರ ಜಾತ್ರೆನೇ ನಡೆಯತ್ತೆ. ಜೋಳದ ರೊಟ್ಟಿ ತಿಂದು ಬೆಳೆದ ಎಷ್ಟೋ ಜನಕ್ಕೆ ಆ ದಂಟಿನಿಂದ ಇಂಥದ್ದೊಂದು ಪಾಕ ಬರತ್ತೆ ಅಂತ ಗೊತ್ತೇ ಇರಲ್ಲ.

ಮಿಕ್ಕಿದ್ದಕ್ಕೆ

ಹಸಿ ಕಾಳು ಹೆಚ್ಚು ತಂದಿದ್ರೆ ಕುದಿಯೋ ನೀರಲ್ಲಿ 2 ನಿಮಿಷ, ಐಸ್ ನೀರಲ್ಲಿ 2 ನಿಮಿಷ, ಬಟ್ಟೆ ಮೇಲೆ ಹರಡಿ ಒಣಗಿಸಿ ಚೀಲಕ್ಕೆ ಹಾಕಿ ಫ್ರೀಜ್ ಮಾಡಿ. ಬೆಂಡೆ ಸಣ್ಣದಾಗಿದ್ರೆ ಇಡಿಯಾಗೇ 3 ನಿಮಿಷ. ಪೀಚ್ ಹೋಳಿಗೆ ಸ್ವಲ್ಪ ಸಕ್ಕರೆ, ನಿಂಬೆ ರಸ ಸವರಿ ಟ್ರೇ ಮೇಲೆ ಬಿಡಿಬಿಡಿಯಾಗಿ ಗಟ್ಟಿ ಮಾಡ್ಕೊಂಡು ಆಮೇಲೆ ಚೀಲಕ್ಕೆ, ಇಲ್ಲಾಂದ್ರೆ ಒಂದೇ ಗಡ್ಡೆ ಆಗತ್ತೆ. ಕಾರ್ನ್‌ಬ್ರೆಡ್ ಮಿಕ್ರೆ ರಾತ್ರಿ ಒಂದು ಲೋಟಕ್ಕೆ ಪುಡಿ ಮಾಡಿ ಮೇಲೆ ತಣ್ಣನೆ ಬಟರ್‌ಮಿಲ್ಕ್ ಹುಯ್ದು ಚಮಚದಲ್ಲಿ ತಿನ್ನಿ, ಅಲ್ಲಿನ ಹಿರೀಕರ ರಾತ್ರಿ ಊಟ ಎಷ್ಟೋ ಸಲ ಅದೇ ಆಗಿರ್ತಿತ್ತು. ಫ್ರೀಜರಲ್ಲಿಟ್ಟ ಕಾಳಲ್ಲಿ ಒಂದು ಚೀಲ ಜನವರಿ 1ಕ್ಕೆ ಅಂತ ಎತ್ತಿಡಿ, ಅವತ್ತು ದಕ್ಷಿಣದ ಮನೆಮನೇಲೂ ಅಲಸಂದೆ, ಕಾಲರ್ಡ್ ಸೊಪ್ಪು, ಕಾರ್ನ್‌ಬ್ರೆಡ್ ಮಾಡ್ತಾರೆ, ವರ್ಷವಿಡೀ ಅದೃಷ್ಟ ಇರತ್ತೆ ಅಂತ ನಂಬಿಕೆ, ಅಷ್ಟೊತ್ತಿಗೆ ಸೊಪ್ಪಿಗೂ ಚಳಿ ಬಿದ್ದು ಸಿಹಿ ಬಂದಿರತ್ತೆ.